ಕೋವಿಗೆ ಮೊದಲು ತೋಟಾದ ಲೆಕ್ಕ

ಜಯನಗರ, ಜೆ.ಪಿ. ನಗರಗಳ ಅಂಚಿನಿಂದ ದಕ್ಷಿಣಕ್ಕೆ ಸಾಗುವ ಬನ್ನೇರುಘಟ್ಟ ರಸ್ತೆಯು ಇಂದಿಗೂ ಆನೆಗಳಿರುವ ಕಾಡನ್ನು ತಲುಪುತ್ತದೆ. ಬೇಟೆಗೆ ಪರವಾನಗಿ ದೊರೆಯುತ್ತಿದ್ದ ಕಾಲದಲ್ಲಿ ಬೆಂಗಳೂರಿನಿಂದ ಇಂತಹ ಕಾಡುಗಳಿಗೆ ಹೊರಡುತ್ತಿದ್ದವರಿಗೆ ಯಾವ ತೋಟಾ ಎಂಬುದೇ ಮೊದಲ ಪ್ರಶ್ನೆ. ರೈಫಲಿನ ಆಯ್ಕೆ ಅದರ ಹಿಂದೆ ಬರುತ್ತಿತ್ತು.

ತಪ್ಪು ತೋಟಾದ ನಷ್ಟವನ್ನು ಬೇಟೆಗಾರನೊಬ್ಬನೇ ಭರಿಸುತ್ತಿರಲಿಲ್ಲ. ಗಾಯಗೊಂಡು ತಪ್ಪಿಸಿಕೊಂಡ ಹುಲಿ, ಸಹಜ ಬೇಟೆ ಸಾಧ್ಯವಾಗದೆ ಮನುಷ್ಯರ ಮೇಲೆರಗಿದ ಪ್ರಸಂಗಗಳು ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಅವರ ಬರಹಗಳಲ್ಲಿವೆ. ಪೂರ್ಣಚಂದ್ರ ತೇಜಸ್ವಿಯವರಿಂದಾಗಿ ಅವು ಕನ್ನಡಿಗರಿಗೂ ಪರಿಚಿತ. ಆಂಡರ್ಸನ್ ನೆಚ್ಚಿದ್ದು .405 ವಿಂಚೆಸ್ಟರ್. 1904ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾದ ಗುಂಡು 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಹುಲಿ, ಚಿರತೆಗಳಿಗೆ ಇದು ಧಾರಾಳವಾಯಿತು. ಆನೆ, ಕಾಟಿಗಳ ದಪ್ಪ ಮೂಳೆಯನ್ನು ಭೇದಿಸಲು ಇನ್ನೂ ಭಾರವಾದ ಗುಂಡು ಬೇಕು; .470 ನೈಟ್ರೊ ಎಕ್ಸ್‌ಪ್ರೆಸ್‌ನ ಗುಂಡು 500 ಗ್ರೇನ್. ಗುಂಡಿನ ರಚನೆಯೂ ಗಣನೀಯ: ಹುಲಿಗೆ ಒಳಹೊಕ್ಕು ಅರಳುವ ಮೃದು ಮೂತಿಯದು, ಆನೆಗೆ ಅರಳದೆ ಆಳಕ್ಕಿಳಿಯುವ ಗಟ್ಟಿ ಗುಂಡು. ನಮ್ಮ ಬಿಸಿಲಿಗೆ ಮದ್ದಿನ ಒತ್ತಡ ಏರಿ, ಹಿತ್ತಾಳೆಯ ಕೋಶ ನಳಿಗೆಯಲ್ಲೇ ಸಿಕ್ಕಿಕೊಳ್ಳುವ ಭಯವಿತ್ತು. ಆದ್ದರಿಂದ ಇಂಗ್ಲೆಂಡಿನ ತಯಾರಕರು ಕೋಶವನ್ನು ದೊಡ್ಡದಾಗಿಸಿ ಒತ್ತಡವನ್ನು ತಗ್ಗಿಸುತ್ತಿದ್ದರು.

ವರ್ತಕರಿಗೆ ಹೆಚ್ಚು ರುಚಿಸುವ ಅಧ್ಯಾಯ 1907ರದು. ಬಂಡುಕೋರರ ಕೈಸೇರಿದ್ದ ಹಳೆಯ ಸೈನಿಕ ಕೋವಿಗಳಿಗೆ ಗುಂಡು ಸಿಗಬಾರದೆಂದು ಬ್ರಿಟಿಷ್ ಸರ್ಕಾರವು ಭಾರತದಲ್ಲಿ .450 ಬೋರನ್ನು ನಿಷೇಧಿಸಿತು. ಕಾರ್ಖಾನೆಗಳು ಕೈಕಟ್ಟಿ ಕೂರಲಿಲ್ಲ; .465, .470, .476 ಎಂದು ಅಳತೆಯನ್ನು ಕೊಂಚ ಹಿಗ್ಗಿಸಿ ಮಾರಾಟ ಮುಂದುವರಿಸಿದವು. ಕಾನೂನಿನ ಅಕ್ಷರ ನೋಡಿಕೊಂಡು ಸರಕು ರೂಪಿಸುವ ವಿದ್ಯೆ ಇಂದಿನದೇನಲ್ಲ!

ಸರಬರಾಜಿನ ಲೆಕ್ಕ ತಪ್ಪಿದವರೂ ಉಂಟು. 1960ರ ದಶಕದಲ್ಲಿ ಇಂಗ್ಲೆಂಡಿನ ಕೈನಾಕ್ ಸಂಸ್ಥೆಯು ದೊಡ್ಡ ಬೇಟೆಯ ತೋಟಾಗಳ ತಯಾರಿಕೆಯನ್ನು ಕೈಬಿಟ್ಟಾಗ ದುಬಾರಿ ಜೋಡುನಳಿಗೆಗಳು ಗೋಡೆಯ ಅಲಂಕಾರವಾದವು. ಸೈನ್ಯದ .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ದೇಶೀಯ ಆಯ್ಕೆಯಾಯಿತು. ಜಿಂಕೆ, ಹಂದಿಗೆ ಸರಿ; ಕಾಟಿಯೆದುರು ಅದನ್ನು ನಂಬಿ ನಿಲ್ಲುವುದು ಸಾಹಸವೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಈ ಮಾರುಕಟ್ಟೆಯನ್ನು ಮುಚ್ಚಿತು. ಪ್ರಾಣಾಪಾಯ ಒಡ್ಡುವ ಹುಲಿ, ಆನೆಗಳನ್ನು ಕೊಲ್ಲಲೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಸೆರೆ ಹಿಡಿಯುವುದು ಅಸಾಧ್ಯವೆಂದು ಅವರಿಗೆ ಮನವರಿಕೆಯಾಗಬೇಕು. ಸೆರೆ ಹಿಡಿಯುವ ಕೋವಿಯಲ್ಲಿ ಗುಂಡಿನ ಬದಲು ಅರಿವಳಿಕೆಯ ಸಿರಿಂಜು ಇರುತ್ತದೆ. ಅದರ ಪ್ರಮಾಣವನ್ನು ಪಶುವೈದ್ಯರು ಪ್ರಾಣಿಯ ತೂಕವನ್ನು ಅಂದಾಜಿಸಿ ನಿರ್ಧರಿಸುತ್ತಾರೆ.