ಕಡಲಿನ ಪದರಗಳೂ ಬಂಗಡೆಯ ಬಲೆಯೂ

ಮೀನು ಸಿಕ್ಕುವುದು ಅದೃಷ್ಟದ ಮಾತೆಂದು ಬಹುಮಂದಿ ತಿಳಿದಿದ್ದಾರೆ. ಒಂದು ದಿನ ಬಲೆ ಹರಿಯುವಷ್ಟು ಮೀನು. ಮರುದಿನ ಅದೇ ಸ್ಥಳದಲ್ಲಿ, ಅದೇ ಬಲೆಗೆ ಒಂದು ಬುಟ್ಟಿಯೂ ಇಲ್ಲ. ಇದನ್ನು ಕಂಡವರು ಹಾಗೆ ತಿಳಿಯುವುದು ಸಹಜವೇ. ಆದರೆ ಕಾರವಾರ, ಅಂಕೋಲೆಗಳ ಕರಾವಳಿಯ ಅನುಭವಿ ಮೀನುಗಾರನು ಬಲೆಯನ್ನು ಇಳಿಸುವ ಮೊದಲು ನೀರನ್ನು ನೋಡುತ್ತಾನೆ. ಅದರ ಬಣ್ಣವೇನು, ಸೆಳೆತ ಯಾವ ಕಡೆಗೆ, ಅದರ ಮೇಲೆ ಹಕ್ಕಿಗಳು ಹೇಗೆ ಹಾರುತ್ತಿವೆ ಎಂಬುದನ್ನು ಗಮನಿಸುತ್ತಾನೆ. ಮೀನು ಎಲ್ಲಿದೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಕೊಡುವುದು ನೀರು. ನೀರಾದರೋ ಉಷ್ಣ, ಸಾಂದ್ರತೆ, ಬೆಳಕು, ಶಬ್ದಗಳ ನಿಯಮಗಳಿಗೆ ಒಳಪಟ್ಟ ವಸ್ತು. ಆದುದರಿಂದ ಮೀನುಗಾರಿಕೆಯ ಅರ್ಧ ಪಾಠ ಭೌತವಿಜ್ಞಾನದ ಪಾಠವೇ ಆಗಿದೆ.

ಬೆಟ್ಟದ ಕೆರೆಯ ಉದಾಹರಣೆ

ಕಡಲಿಗೆ ಇಳಿಯುವ ಮೊದಲು, ಇದೇ ವಿಷಯವನ್ನು ಸಣ್ಣ ಪ್ರಮಾಣದಲ್ಲಿ ತೋರಿಸುವ ಬೆಟ್ಟದ ಕೆರೆಯೊಂದನ್ನು ನೋಡೋಣ. ಟ್ರೌಟ್ ಎಂಬುದು ತಣ್ಣೀರಿನ ಮೀನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದನ್ನು ನೀಲಗಿರಿಯ ತೊರೆಗಳಲ್ಲಿಯೂ ಕೆರೆಗಳಲ್ಲಿಯೂ ನೆಲೆಗೊಳಿಸಿದರು. ಸುಮಾರು 10ರಿಂದ 16 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರು ಅದಕ್ಕೆ ಹಿತಕರ. 20 ಡಿಗ್ರಿಗೆ ಮೇಲೇರಿದರೆ ಅದು ಬಳಲುತ್ತದೆ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಆಮ್ಲಜನಕ. ಸಾಮಾನ್ಯ ವಾಯುಭಾರದಲ್ಲಿ ಒಂದು ಲೀಟರು ಸಿಹಿನೀರು 10 ಡಿಗ್ರಿಯಲ್ಲಿ 11 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಸುಮಾರು 9, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಬೆಚ್ಚಗಾದಂತೆ ಮೀನಿನ ಉಸಿರಾಟದ ಅಗತ್ಯ ಹೆಚ್ಚುತ್ತದೆ, ನೀರಿನಲ್ಲಿರುವ ಉಸಿರು ಕಡಿಮೆಯಾಗುತ್ತದೆ.

ಬೇಸಗೆಯಲ್ಲಿ ಆಳವಾದ ಕೆರೆಯ ಮೇಲ್ಭಾಗ ಬಿಸಿಲಿಗೆ ಕಾಯುತ್ತದೆ. ಬೆಚ್ಚನೆಯ ನೀರು ಹಗುರವಾದುದರಿಂದ ಮೇಲೆಯೇ ನಿಲ್ಲುತ್ತದೆ. ತಣ್ಣನೆಯದು ಅಡಿಯಲ್ಲಿ ಉಳಿಯುತ್ತದೆ. ಇವೆರಡರ ನಡುವೆ ಉಷ್ಣತೆ ಥಟ್ಟನೆ ಇಳಿಯುವ ತೆಳುಪದರವೊಂದು ಏರ್ಪಡುತ್ತದೆ. ಮೇಲಿನ ನೀರು ಟ್ರೌಟಿಗೆ ಬಿಸಿ. ತಳದ ನೀರು ತಣ್ಣಗಿದ್ದರೂ ಗಾಳಿಯ ಸಂಪರ್ಕವಿಲ್ಲದೆ ದಿನೇ ದಿನೇ ಆಮ್ಲಜನಕವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಮೀನು ನಡುವಣ ಪದರದಲ್ಲಿ ನೆಲೆಸುತ್ತದೆ. ಇದನ್ನು ಬಲ್ಲ ಗಾಳಗಾರನು ಬೇಸಗೆಯ ಮಧ್ಯಾಹ್ನ ಗಾಳವನ್ನು ಆ ಆಳಕ್ಕೆ ಇಳಿಸುತ್ತಾನೆ. ನಸುಕಿನಲ್ಲಿ ಮೇಲ್ಭಾಗ ತಣಿದಿರುವಾಗ ದಡದ ಬಳಿಯಲ್ಲಿಯೇ ಹಾಕುತ್ತಾನೆ.

ಮಳೆಗಾಲದ ಕಡಲು

ಈಗ ಕಾರವಾರದ ಕಡಲಿಗೆ ಬರೋಣ. ಇಲ್ಲಿಯ ಮುಖ್ಯ ಮೀನುಗಳಲ್ಲೊಂದು ಬಂಗಡೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನೂ ಪ್ರಾಣಿಗಳನ್ನೂ, ಅಂದರೆ ಪ್ಲವಕಗಳನ್ನು, ಇದು ಕಿವಿರಿನ ಹಣಿಗೆಯಂಥ ಎಳೆಗಳಿಂದ ಸೋಸಿ ತಿನ್ನುತ್ತದೆ. ಸದಾ ಚುರುಕಾಗಿ ಈಜುವ ಮೀನಾದುದರಿಂದ ಇದಕ್ಕೆ ಆಮ್ಲಜನಕ ಧಾರಾಳವಾಗಿ ಬೇಕು. ಮಳೆಗಾಲ ಇಳಿಮುಖವಾದ ಮೇಲೆ, ಸೆಪ್ಟೆಂಬರಿನಿಂದ ಮೊದಲುಗೊಂಡು ಚಳಿಗಾಲದವರೆಗೆ, ಬಂಗಡೆಯ ಹಿಂಡುಗಳು ಕರೆಯ ಸಮೀಪಕ್ಕೆ ಬರುವುದು ಇಲ್ಲಿಯ ವಾಡಿಕೆ. ಈ ಮೀನುಗಾರಿಕೆ ವಿಜ್ಞಾನಿಗಳ ಗಮನವನ್ನು ಹಿಂದೆಯೇ ಸೆಳೆದಿತ್ತು. ಕಾರವಾರದ ಬಂಗಡೆಯನ್ನು ಕುರಿತು ಎಲ್. ಬಿ. ಪ್ರಧಾನ್ ಅವರ ವಿಸ್ತಾರವಾದ ಪ್ರಬಂಧ 1956ರಲ್ಲಿ ಪ್ರಕಟವಾಯಿತು.

ಬಂಗಡೆ ಆ ಕಾಲದಲ್ಲಿಯೇ ಕರೆಗೆ ಬರುವುದೇಕೆ? ನೈಋತ್ಯ ಮಾರುತದ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪಕ್ಕದಲ್ಲಿ ಗಾಳಿ ಬಹುಮಟ್ಟಿಗೆ ವಾಯವ್ಯದಿಂದ, ಕರೆಯ ಉದ್ದಕ್ಕೂ ದಕ್ಷಿಣದ ಕಡೆಗೆ ಬೀಸುತ್ತದೆ. ಭೂಮಿಯ ಆವರ್ತನದ ದೆಸೆಯಿಂದ ಉತ್ತರಾರ್ಧಗೋಲದಲ್ಲಿ ಮೇಲ್ಪದರದ ನೀರು ಗಾಳಿಯ ದಿಕ್ಕಿಗೆ ಬಲಗಡೆಯಾಗಿ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತವನ ಬಲಗೈ ಪಶ್ಚಿಮಕ್ಕಲ್ಲವೆ? ಹೀಗೆ ಮೇಲಿನ ನೀರು ದಡವನ್ನು ಬಿಟ್ಟು ಹೊರಗಡಲಿಗೆ ಹೋಗುತ್ತದೆ. ಅದರ ಸ್ಥಾನವನ್ನು ತುಂಬಲು ಆಳದ ತಣ್ಣೀರು ಮೇಲೇರುತ್ತದೆ. ಈ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಮುಂತಾದ ಗೊಬ್ಬರದ ಅಂಶಗಳು ಸಮೃದ್ಧವಾಗಿರುತ್ತವೆ. ಬಿಸಿಲು ತಾಗಿದೊಡನೆ ಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಬಂಗಡೆಗೆ ಅದೇ ಹಬ್ಬದೂಟ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಬರಬಹುದು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದಾದರೆ, ಮೇಲೇರಿದ ಈ ನೀರು ಮೀನಿಗೆ ಎರಡು ವಿಧದಲ್ಲಿಯೂ ಹಿತವಾಗಬೇಕಷ್ಟೆ? ಹಾಗಾಗುವುದಿಲ್ಲ. ಕಣಜ ದೊಡ್ಡದಾದ ಮಾತ್ರಕ್ಕೆ ಅದರಲ್ಲಿ ಭತ್ತ ತುಂಬಿದೆಯೆಂದು ಹೇಳಲಾಗದು. ಅರಬ್ಬೀ ಸಮುದ್ರದ ಆಳದ ಈ ನೀರು ಗಾಳಿಯನ್ನು ಮುಟ್ಟಿ ಬಹುಕಾಲವಾಗಿರುತ್ತದೆ. ಮೇಲಿನಿಂದ ಉದುರಿದ ಜೀವಿಗಳ ಅವಶೇಷವನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ಅದರ ಆಮ್ಲಜನಕವನ್ನು ಮೊದಲೇ ಬಳಸಿಕೊಂಡಿರುತ್ತವೆ. ಕರೆಯ ಸಮೀಪಕ್ಕೆ ಬಂದ ಮೇಲೆ ಹೊಸ ಪ್ಲವಕಗಳು ಸತ್ತು ಕೊಳೆಯುವುದರಿಂದ ಉಳಿದುದೂ ಖರ್ಚಾಗುತ್ತದೆ.

ಮೇಲಿನ ಗಾಳಿ ಈ ನಷ್ಟವನ್ನು ತುಂಬಬಾರದೆ? ಅದಕ್ಕೆ ಅಡ್ಡಿಯಾಗಿ ಕಾಳಿ, ಗಂಗಾವಳಿ ಮೊದಲಾದ ನದಿಗಳ ನೆರೆನೀರೂ ಕಡಲ ಮೇಲೆಯೇ ಸುರಿದ ಮಳೆನೀರೂ ಮುಚ್ಚಳದಂತೆ ನಿಂತಿರುತ್ತವೆ. ಒಂದು ಗಾಜಿನ ಲೋಟದಲ್ಲಿ ಉಪ್ಪು ಕರಗಿಸಿದ ತಣ್ಣೀರನ್ನು ಅರ್ಧ ತುಂಬಿ, ಅದರ ಮೇಲೆ ಚಮಚದ ಬೆನ್ನಿನ ಮೂಲಕ ಬಣ್ಣ ಹಾಕಿದ ಉಗುರುಬೆಚ್ಚನೆಯ ಸಿಹಿನೀರನ್ನು ಮೆಲ್ಲನೆ ಸುರಿದು ನೋಡಿರಿ. ಎರಡೂ ಬೆರೆಯದೆ ಪದರಗಳಾಗಿ ನಿಲ್ಲುತ್ತವೆ. ಲೋಟದ ಮೇಲೆ ಉಫ್ ಎಂದು ಊದಿದರೆ ಮೇಲಿನ ಪದರ ಮಾತ್ರ ಕದಲುತ್ತದೆ. ಸೆಪ್ಟೆಂಬರಿನ ಕಡಲು ಇಂಥದೇ ಒಂದು ಲೋಟ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಅವರ ಸಂಗಡಿಗರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಸಂಶೋಧನೆ, ನಮ್ಮ ಕರಾವಳಿಯ ಅಡಿನೀರಿನ ಈ ಆಮ್ಲಜನಕದ ಅಭಾವ ತೀವ್ರವಾಗುತ್ತಿರುವುದನ್ನು ಜಗತ್ತಿನ ಗಮನಕ್ಕೆ ತಂದಿತು.

ಬೆಟ್ಟದ ಕೆರೆಯಲ್ಲಿ ಟ್ರೌಟು ನಡುವಣ ಪದರಕ್ಕೆ ಸೇರಿದ ಹಾಗೆ, ಇಲ್ಲಿ ಅಡಿಯ ಉಸಿರಿಲ್ಲದ ನೀರನ್ನು ತಪ್ಪಿಸುವ ಮೀನು ಮೇಲಿನ ತೆಳುಪದರಕ್ಕೂ ಕರೆಯ ಕಡೆಗೂ ಒತ್ತರಿಸುತ್ತದೆ. ಊಟವೂ ಅಲ್ಲಿಯೇ, ಉಸಿರೂ ಅಲ್ಲಿಯೇ. ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಕಾಯುತ್ತಿದ್ದ ಮೀನುಗಾರನಿಗೆ ಕಡಲು ಕೊಡುತ್ತಿದ್ದ ಅವಕಾಶ ಇದು.

ರಂಪಣಿಯ ಯುಕ್ತಿ

ಈ ಅವಕಾಶಕ್ಕೆ ತಕ್ಕಂತೆ ಬೆಳೆದು ಬಂದುದು ರಂಪಣಿ ಬಲೆ. ಇದು ದಡದಿಂದ ಎಳೆಯುವ ಮಹಾಬಲೆ. ಅನೇಕ ತುಂಡುಗಳನ್ನು ಜೋಡಿಸಿದರೆ ಒಂದು ಕಿಲೋಮೀಟರಿಗೂ ಉದ್ದವಾಗುವುದುಂಟು. ಬಲೆಯ ಒಂದು ತುದಿಯನ್ನು ದಡದಲ್ಲಿ ಹಿಡಿದಿರುವಾಗ, ದೋಣಿಯು ಉಳಿದುದನ್ನು ಇಳಿಸುತ್ತ ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿಕೊಂಡು ಮತ್ತೆ ದಡ ಸೇರುತ್ತದೆ. ಅನಂತರ ಎರಡು ತುದಿಗಳನ್ನೂ ಹತ್ತಾರು ಜನ ಹಿಡಿದೆಳೆಯುತ್ತಾರೆ. ಹಿಡುವಳಿಯಲ್ಲಿ ಎಳೆದವರಿಗೆಲ್ಲ ಪಾಲು.

ಇದರ ಒಂದೊಂದು ಹೆಜ್ಜೆಯಲ್ಲಿಯೂ ಭೌತವಿಜ್ಞಾನವಿದೆ. ಮೊದಲನೆಯದು ಹಿಂಡನ್ನು ಕಾಣುವುದು. ದಡದ ಅಂಚಿನಲ್ಲಿ ನಿಂತು ದೂರದ ನೀರನ್ನು ನೋಡಿದರೆ ಆಕಾಶದ ಪ್ರತಿಬಿಂಬವೇ ಕಾಣುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ಶಾಂತವಾದ ನೀರು ನೂರಕ್ಕೆ ಎರಡು ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ಲಂಬಕ್ಕೆ 80 ಡಿಗ್ರಿ ಓರೆಯಾಗಿ ಬಿದ್ದಾಗ ಸುಮಾರು 35 ಪಾಲನ್ನು. ಆದುದರಿಂದ ಎತ್ತರದಿಂದ ನೋಡುವವನಿಗೆ ನೀರಿನ ಒಳಗು ಹೆಚ್ಚು ಕಾಣುತ್ತದೆ. ಹಿಂಡು ಇರುವೆಡೆ ನೀರು ಕಪ್ಪಿಟ್ಟಂತೆ ತೋರುವುದು, ಮೇಲ್ಮೈ ಸಣ್ಣಗೆ ನಡುಗುವುದು, ಹಕ್ಕಿಗಳು ಎರಗುವುದು ಇತರ ಗುರುತುಗಳು. ಅಮಾವಾಸ್ಯೆಯ ಕತ್ತಲಲ್ಲಿಯಾದರೋ, ನೀರು ಕದಡಿದಾಗ ಮಿನುಗುವ ಸೂಕ್ಷ್ಮಜೀವಿಗಳು ಹಿಂಡಿನ ಇರವನ್ನು ಬೆಳಕಿನಿಂದಲೇ ಸಾರಿಬಿಡುತ್ತವೆ.

ಎರಡನೆಯದು ಸದ್ದು. ಗಾಳಿಯಲ್ಲಿ ಹುಟ್ಟಿದ ಶಬ್ದದ ಶಕ್ತಿಯಲ್ಲಿ ಸುಮಾರು ಸಾವಿರಕ್ಕೆ ಒಂದು ಪಾಲು ಮಾತ್ರ ನೀರೊಳಕ್ಕೆ ಹೋಗುತ್ತದೆ. ಉಳಿದುದೆಲ್ಲ ಮೇಲ್ಮೈಯಲ್ಲಿಯೇ ಹಿಂದಿರುಗುತ್ತದೆ. ದಡದ ಮೇಲಣ ಮಾತುಕತೆಗೆ ಮೀನು ಬೆದರಲಾರದು. ಆದರೆ ಹುಟ್ಟು ದೋಣಿಯ ಹಲಗೆಗೆ ಬಡಿದರೆ, ಆ ಶಬ್ದ ನೇರವಾಗಿ ನೀರಿಗೆ ಸೇರಿ ಸೆಕೆಂಡಿಗೆ ಸುಮಾರು 1500 ಮೀಟರು ವೇಗದಿಂದ ಹಿಂಡನ್ನು ಮುಟ್ಟುತ್ತದೆ. ಬಳಸುವಾಗ ದೋಣಿಯಲ್ಲಿ ಸದ್ದಾಗಬಾರದೆಂಬ ಎಚ್ಚರಕ್ಕೆ ಇದೇ ಆಧಾರ.

ಮೂರನೆಯದು ಎಳೆತ. ನೀರಿನಲ್ಲಿ ಚಲಿಸುವ ಬಲೆಗೆ ಒದಗುವ ತಡೆ ಸುಮಾರಾಗಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎರಡರಷ್ಟು ವೇಗವಾಗಿ ಎಳೆಯಬೇಕಾದರೆ ನಾಲ್ಕರಷ್ಟು ಬಲ ಬೇಕು. ಬಲೆ ಹರಿಯುವ ಭಯ ಬೇರೆ. ಆದುದರಿಂದ ಎಳೆತ ನಿಧಾನವಾಗಿ, ಎರಡು ಕಡೆಯೂ ಸಮನಾಗಿ ಸಾಗಬೇಕು. ಬಲೆಯ ಮೇಲಂಚನ್ನು ತೇಲುಗುಂಡುಗಳು ಎತ್ತಿಹಿಡಿಯುತ್ತವೆ, ಕೆಳಅಂಚನ್ನು ಭಾರದ ಗುಂಡುಗಳು ತಳಕ್ಕೆ ತಾಗಿಸುತ್ತವೆ. ಹೀಗೆ ಅದು ತಳದಿಂದ ಮೇಲ್ಮೈವರೆಗೆ ನಿಂತ ಗೋಡೆ. ಅದರ ಎತ್ತರಕ್ಕಿಂತ ನೀರು ಆಳವಾದರೆ ಮೀನು ಕೆಳಗಿನಿಂದ ನುಸುಳಿಹೋಗುತ್ತದೆ. ತಳದಲ್ಲಿ ಬಂಡೆಯಿದ್ದರೆ ಬಲೆ ಸಿಕ್ಕಿಕೊಳ್ಳುತ್ತದೆ. ಮರಳಿನ ಇಳಿಜಾರು ದಡ, ಆಳವಿಲ್ಲದ ನೀರು, ಕರೆಗೆ ಬಂದ ಹಿಂಡು, ಇವು ಮೂರೂ ಕೂಡಿದಾಗ ಮಾತ್ರ ರಂಪಣಿ ಸಾರ್ಥಕ. ಹಿಡುವಳಿ ತೀರ ದೊಡ್ಡದಾದರೆ ಮೀನನ್ನು ಬಲೆಯ ಆವರಣದಲ್ಲಿಯೇ ಜೀವಂತವಾಗಿಟ್ಟು, ಮಾರಾಟವಾದಷ್ಟನ್ನೇ ದಿನದಿನ ತೆಗೆಯುವ ಪದ್ಧತಿಯೂ ಇತ್ತು. ಮಂಜುಗಡ್ಡೆ ದುರ್ಲಭವಾಗಿದ್ದ ಕಾಲದಲ್ಲಿ ಕಡಲೇ ಅವರ ಉಗ್ರಾಣವಾಗಿತ್ತು.

ಕಾಯುವ ಬಲೆ, ಅಟ್ಟುವ ಬಲೆ

ರಂಪಣಿಗೆ ಒಂದು ದೊಡ್ಡ ಮಿತಿಯಿತ್ತು. ಮೀನು ಬರುವವರೆಗೆ ಅದು ಕಾಯಬೇಕು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಯಂತ್ರದ ದೋಣಿಯಿಂದ ಬೀಸುವ ಪರ್ಸೀನ್ ಬಲೆ ಬಂದಿತು. ಇದು ಹಿಂಡನ್ನು ಸುತ್ತುವರಿದ ಮೇಲೆ ಅಡಿಯ ಬಳೆಗಳಲ್ಲಿ ಹಾಯುವ ಹಗ್ಗವನ್ನು ಎಳೆದು, ಕಾಸೆಳೆದ ಚೀಲದಂತೆ ತಳವನ್ನೇ ಮುಚ್ಚಿಬಿಡುತ್ತದೆ. ತಳ ಮುಚ್ಚಿದುದರಿಂದ ಇದಕ್ಕೆ ದಡವೂ ಬೇಡ, ಆಳವಿಲ್ಲದ ನೀರೂ ಬೇಡ. ಕರೆಗೆ ಬರುವ ಮೊದಲೇ ಹಿಂಡು ಸಿಕ್ಕಿಬೀಳತೊಡಗಿತು. ಕೆಲವೇ ವರ್ಷಗಳಲ್ಲಿ ದಡದ ರಂಪಣಿಗಳು ಬರಿದಾದವು. ನೂರಾರು ಕುಟುಂಬಗಳ ಪಾಲಿನ ವ್ಯವಸ್ಥೆ ಅದರೊಡನೆ ಕುಸಿಯಿತು. ಸಣ್ಣದಾದ ಕೈರಂಪಣಿಯನ್ನು ಈಗಲೂ ಅಲ್ಲಲ್ಲಿ ಎಳೆಯುವುದುಂಟು.

ನೀರನ್ನು ಓದುವ ವಿದ್ಯೆಯೂ ಕೈ ಬದಲಾಯಿಸಿದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಕಡಲ ಮೇಲ್ಮೈಯ ಉಷ್ಣತೆಯನ್ನೂ ಹಸಿರನ್ನೂ ಕೃತಕ ಉಪಗ್ರಹಗಳಿಂದ ಅಳೆದು, ಮೀನು ಸೇರುವ ಸಂಭವವಿರುವ ಎಡೆಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ದೋಣಿಯಲ್ಲಿರುವ ಯಂತ್ರ ಶಬ್ದದ ಮಾರ್ದನಿಯಿಂದ ಹಿಂಡಿನ ಆಳವನ್ನು ಹೇಳುತ್ತದೆ. ಪ್ರಖರವಾದ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವ ಕ್ರಮವೂ ಹಬ್ಬಿದಾಗ, ಕೇಂದ್ರ ಸರಕಾರ 2017ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ವಿಧಿಸಿರುವ ರಜೆಯೂ ಇಂಥದೇ ಕಟ್ಟುಪಾಡು.

ಕಡಲೂ ಮೊದಲಿನಂತಿಲ್ಲ. ಅರಬ್ಬೀ ಸಮುದ್ರದ ಮೇಲ್ಪದರ ಬೆಚ್ಚಗಾಗುತ್ತಿದೆ. ಮೊದಲು ಮೇಲ್ಪದರದಲ್ಲಿಯೇ ಹೆಚ್ಚಾಗಿ ಸಿಗುತ್ತಿದ್ದ ಬಂಗಡೆ ಈಚೆಗೆ ತಳಬಲೆಗಳಲ್ಲಿಯೂ ಅಧಿಕವಾಗಿ ಬೀಳುತ್ತಿರುವುದನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ಕಡೆ ಮೇಲಿನ ನೀರಿನ ಕಾವು, ಇನ್ನೊಂದು ಕಡೆ ಮಳೆಗಾಲದಲ್ಲಿ ಅಡಿಯಿಂದೇರುವ ಉಸಿರಿಲ್ಲದ ನೀರು. ಬೆಟ್ಟದ ಕೆರೆಯ ಟ್ರೌಟು ಬೇಸಗೆಯಲ್ಲಿ ಅನುಭವಿಸುವ ಇಕ್ಕಟ್ಟು ನಮ್ಮ ಕಡಲಿನ ಬಂಗಡೆಗೂ ಬರಬಹುದೆ ಎಂಬುದು ಇಂದಿನ ವಿದ್ಯಾರ್ಥಿಗಳು ಮುಂದೆ ಉತ್ತರ ಹುಡುಕಬೇಕಾದ ಪ್ರಶ್ನೆ.

ರಂಪಣಿಯ ಕಾಲದಲ್ಲಿ ಮೀನಿಗೆ ರಕ್ಷಣೆಯಾಗಿದ್ದುದು ಬಲೆಯ ಅಸಹಾಯಕತೆ. ಆಳದ ನೀರನ್ನು ಅದು ಮುಟ್ಟಲಾರದು. ಆದುದರಿಂದ ಎಷ್ಟೋ ಹಿಂಡುಗಳು ಉಳಿಯುತ್ತಿದ್ದವು, ಮೊಟ್ಟೆಯಿಡುತ್ತಿದ್ದವು. ಇಂದಿನ ಬಲೆಗೆ ಆ ಅಸಹಾಯಕತೆಯಿಲ್ಲ. ಆ ಮಿತಿಯನ್ನು ಈಗ ಮನುಷ್ಯನೇ ತಿಳಿದು ಹಾಕಿಕೊಳ್ಳಬೇಕಾಗಿದೆ. ಅದಕ್ಕೆ ಬೇಕಾದುದು ಕಡಲಿನ ಲೆಕ್ಕ: ಯಾವ ತಿಂಗಳು ಯಾವ ಆಳದಲ್ಲಿ ಎಷ್ಟು ಉಷ್ಣತೆ, ಎಷ್ಟು ಉಪ್ಪು, ಎಷ್ಟು ಆಮ್ಲಜನಕ ಎಂಬುದರ ವರ್ಷಾನುವರ್ಷದ ದಾಖಲೆ. ಕಾರವಾರ, ಅಂಕೋಲೆಗಳ ಕಾಲೇಜು ವಿದ್ಯಾರ್ಥಿಗಳಿಗೆ ಈ ಪ್ರಯೋಗಶಾಲೆ ಮನೆಯ ಬಾಗಿಲಲ್ಲಿಯೇ ಇದೆ. ಒಂದು ಉಷ್ಣಮಾಪಕ, ಒಂದು ಸಾಂದ್ರತಾಮಾಪಕ, ಒಂದು ನೋಟುಪುಸ್ತಕ, ದೋಣಿಯಲ್ಲಿ ಜಾಗ ಕೊಡುವ ಹಿರಿಯರೊಬ್ಬರು ದೊರೆತರೆ ಕೆಲಸವನ್ನು ಆರಂಭಿಸಬಹುದು. ಆ ಹಿರಿಯರು ನೀರಿನ ಬಣ್ಣವನ್ನು ನೋಡಿ ಹೇಳುವ ಮಾತನ್ನೂ ಅಂಕಿಗಳ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.