ಸಿಡಿಲಪಡಿ: ಕೆಂಪು ಗುಡ್ಡದ ಮರೆಯ ಕಲ್ಲು ಕಮಾನು

ಮಂಗಸೂಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕಲ್ಲೆಂದರೆ ಕರಿಕಲ್ಲು. ಬಾವಿ ತೋಡಿದರೆ ಸಿಗುವುದು ಅದೇ, ಹೊಲದ ಬದುವಿಗೆ ಒಟ್ಟಿರುವುದೂ ಅದೇ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಬಹುಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾದ ಮೇಲೆ ಕೂತಿದೆ. ಆ ಕಲ್ಲು ಸವೆದು ಸವೆದೇ ಕಬ್ಬು ಬೆಳೆಯುವ ನಮ್ಮ ಎರಿ ಮಣ್ಣಾಗಿದೆ. ಕಪ್ಪು ಬಿಟ್ಟು ಬೇರೆ ಬಣ್ಣ ಬೇಕೆಂದರೆ ಖಂಡೋಬನ ಗುಡಿಗೆ ಹೋಗಬೇಕು. ‘ಯಳಕೋಟ ಯಳಕೋಟ’ ಎಂದು ಕೂಗುತ್ತ ಕನ್ನಡದವರು, ಮರಾಠಿಯವರು ಒಟ್ಟಿಗೆ ಭಂಡಾರ ಎರಚುವಾಗ ಮೆಟ್ಟಿಲು, ಗೋಡೆ, ಮೈ, ಅಂಗಿ ಎಲ್ಲ ಹಳದಿ. ಕೆಂಪು ಕಲ್ಲು ಮಾತ್ರ ಈ ಕಡೆ ಕಣ್ಣಿಗೆ ಬೀಳುವುದಿಲ್ಲ.

ಅದನ್ನು ನೋಡಬೇಕೆಂದರೆ ಆಗ್ನೇಯಕ್ಕೆ ಹೊರಡಬೇಕು. ಅಥಣಿ, ಜಮಖಂಡಿ, ಮುಧೋಳ, ಲೋಕಾಪುರ ಹೀಗೆ ಊರು ದಾಟುತ್ತ, ನಡುವೆ ಕೃಷ್ಣೆಯನ್ನೂ ಘಟಪ್ರಭೆಯನ್ನೂ ದಾಟುತ್ತ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಹೋದರೆ ಬಾದಾಮಿ. ಕಿಟಕಿಯ ಪಕ್ಕ ಕೂತವರಿಗೆ ಈ ದಾರಿಯೇ ಒಂದು ಪಾಠ. ಮೊದಲು ಎರಿ ಹೊಲ, ಕಬ್ಬಿನ ಗದ್ದೆ. ಮುಧೋಳ–ಲೋಕಾಪುರದ ಸುತ್ತ ಸುಣ್ಣಕಲ್ಲಿನ ನೆಲ. ಆಮೇಲೆ ನೆಲ ಏಕಾಏಕಿ ಕೆಂಪಾಗಿ, ಎದುರಿಗೆ ಕೊಯ್ದು ನಿಲ್ಲಿಸಿದಂಥ ಗುಡ್ಡಗಳು. ಈ ಕಲ್ಲುಗಳ ಸರಣಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ‘ಕಲಾದಗಿ’, ದಾರಿಯ ಪಕ್ಕದಲ್ಲೇ ಇರುವ ದಾಳಿಂಬೆಯ ಕಲಾದಗಿ ಊರಿನಿಂದಲೇ ಬಂದದ್ದು. ಈ ಸೀಮೆಯ ಕಲ್ಲುಗಳ ಬಗ್ಗೆ ಮೊದಲ ವಿಸ್ತಾರವಾದ ವರದಿಯನ್ನು 1876ರಲ್ಲಿ ಪ್ರಕಟಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಮೊದಲು ಗುರುತಿಸಿದವರೂ ಅವರೇ.

ನಮ್ಮ ಕಡೆಯ ಶಾಲೆಗಳ ಪ್ರವಾಸದ ಬಸ್ಸು ಬಾದಾಮಿಗೆ ಹೋಗುವುದೇನೂ ಹೊಸದಲ್ಲ. ಬೆಳಿಗ್ಗೆ ಮೇಣಬಸದಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಮಕ್ಕಳು ಮಂಗಗಳಿಗೆ ಶೇಂಗಾ ಹಾಕಿ, ಹದಿನೆಂಟು ಕೈಯ ನಟರಾಜನ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಬಾದಾಮಿಯ ಅದೇ ಗುಡ್ಡಗಳ ಒಳಗೆ, ಸುಮಾರು ನಾಲ್ಕು ಕಿಲೋಮೀಟರು ನಡೆದರೆ ಸಿಗುವ ಸಿಡಿಲಪಡಿಯ ಹೆಸರು ಪ್ರವಾಸದ ಪಟ್ಟಿಯಲ್ಲಿ ಇರುವುದೇ ಇಲ್ಲ. ಅದಕ್ಕೆ ಟಾರು ರಸ್ತೆ ಇಲ್ಲ, ಕುರುಚಲು ಕಾಡಿನೊಳಗಿನ ಕಾಲುಹಾದಿಯೊಂದೇ. ಬಸ್ಸು ಹೋಗದ ಕಡೆ ಪ್ರವಾಸ ಹೋಗುವುದು ನಮ್ಮಲ್ಲಿ ಇನ್ನೂ ರೂಢಿಯಾಗಿಲ್ಲ.

ಊರಿನವರು ಸಿಡ್ಲಪಡಿ ಎನ್ನುತ್ತಾರೆ, ಕೆಲವರು ಸಿಡ್ಲಫಡಿ. ಐಹೊಳೆಯ ರಾವಳಫಡಿ ಗುಹೆ ನೋಡಿದವರಿಗೆ ‘ಫಡಿ’ ಹೊಸ ಮಾತಲ್ಲ. ಗುಡ್ಡ ಹತ್ತುವಾಗ ದಾರಿ ತಪ್ಪುವುದು ಸುಲಭ, ಏಕೆಂದರೆ ಒಂದು ಹಾದಿ ಹತ್ತಾಗಿ ಒಡೆಯುತ್ತದೆ, ಹತ್ತರಲ್ಲಿ ಒಂಬತ್ತು ಆಡಿನ ಹಾದಿಗಳು. ಕುರಿ, ಆಡು ಮೇಯಿಸುವವರನ್ನು ಕೇಳಿದರೆ ಕೋಲು ಎತ್ತಿ ತೋರಿಸುತ್ತಾರೆ: “ಸಿಡ್ಲಪಡಿ ಏನ್ರೀ? ಹಿಂಗ ಹೋಗ್ರಿ, ಇಲ್ಲೇ ಐತಿ.” ಅವರ ‘ಇಲ್ಲೇ’ಗೂ ನಮ್ಮ ‘ಇಲ್ಲೇ’ಗೂ ಅರ್ಧ ತಾಸಿನ ಅಂತರ ಇರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯಬೇಕು.

ಇದು ಮರಳುಗಾಡಲ್ಲ, ಆದರೆ ಮಳೆನೆರಳಿನ ಸೀಮೆ. ಕಾರೆ, ಕವಳಿ, ಬಾರಿ, ಜಾಲಿ, ಅಲ್ಲಲ್ಲಿ ಡಬಗಳ್ಳಿ. ಮುಳ್ಳಿಲ್ಲದ ಗಿಡ ಹುಡುಕಬೇಕು. ಕಾಲ ಕೆಳಗಿನ ಬಂಡೆಯನ್ನು ಒಂದಿಷ್ಟು ಬಗ್ಗಿ ನೋಡಿದರೆ ದಾರಿಯ ಬೇಸರ ಹೋಗುತ್ತದೆ. ಹಾಸುಗಲ್ಲಿನ ಮೇಲೆ ಒಂದರ ಪಕ್ಕ ಒಂದು ಸಣ್ಣ ಸಣ್ಣ ಏಣುಗಳು ಸಾಲಾಗಿ ಹೋಗಿರುತ್ತವೆ. ನದಿ ಬತ್ತಿದ ಮೇಲೆ ಕೃಷ್ಣೆಯ ದಡದ ಉಸುಕಿನಲ್ಲಿ ನಾವು ನೋಡುವ ಅಲೆಯ ಗುರುತು ಇದೇ. ಇಲ್ಲಿ ಅದು ಕಲ್ಲಾಗಿ ಉಳಿದಿದೆ. ಬಂಡೆಯ ಪಕ್ಕೆಯಲ್ಲಿ ಪದರಗಳು ನೇರವಾಗಿರದೆ ಓರೆಯಾಗಿ ಒಂದನ್ನೊಂದು ಕತ್ತರಿಸಿಕೊಂಡು ಹೋಗಿದ್ದರೆ, ಅಲ್ಲಿ ಹಳೆಯ ಹೊಳೆಯೊಂದು ದಿಕ್ಕು ಬದಲಿಸಿತ್ತು ಎಂದು ಓದಿಕೊಳ್ಳಬಹುದು. ಭೂಮಿಯ ಮೇಲೆ ಮರ, ಹುಲ್ಲು, ಪ್ರಾಣಿ ಯಾವುದೂ ಇಲ್ಲದಿದ್ದ ಕಾಲದಲ್ಲಿ ನೀರು ತಂದು ಹಾಸಿದ ಮರಳು ಇದು. ಡೈನೋಸಾರುಗಳ ಕೊನೆಗಾಲಕ್ಕೆ ಸೇರಿದ ನಮ್ಮ ಮಂಗಸೂಳಿಯ ಕರಿಕಲ್ಲು ಇದರ ಮುಂದೆ ನಿನ್ನೆ ಮೊನ್ನೆಯದು. ಮರಳಿನ ಕಣಕ್ಕೆ ಮೆತ್ತಿಕೊಂಡ ಕಬ್ಬಿಣದ ತುಕ್ಕೇ ಈ ಕೆಂಪು. ಗುಹಾಲಯಗಳನ್ನು ಕೊರೆದ ಕಲ್ಲು ಇದೇ ಆದ್ದರಿಂದ ಭೂವಿಜ್ಞಾನದ ಪುಸ್ತಕಗಳಲ್ಲೂ ಈ ಪದರಕ್ಕೆ ಗುಹಾಲಯದ ಹೆಸರೇ ಇದೆ.

ಪಡಿ ದೂರದಿಂದ ಕಾಣುವುದಿಲ್ಲ. ಹತ್ತಿರ ಹೋಗುವವರೆಗೂ ಮತ್ತೊಂದು ಬಂಡೆ ಎಂದೇ ಅನಿಸುತ್ತದೆ. ಎದುರಿಗೆ ನಿಂತಾಗ ತಿಳಿಯುತ್ತದೆ: ಎರಡು ಭಾರೀ ಬಂಡೆಗಳ ನಡುವೆ ಕಲ್ಲೇ ಸೇತುವೆಯಾಗಿ ಚಾಚಿಕೊಂಡಿದೆ, ಕೆಳಗೆ ವಿಶಾಲವಾದ ಪೊಳ್ಳು. ಮಾಡಿನಲ್ಲಿ, ಪಕ್ಕದಲ್ಲಿ ದೊಡ್ಡ ದೊಡ್ಡ ತೂತುಗಳು. ಅವುಗಳಿಂದ ಬಿಸಿಲು ಕೋಲು ಕೋಲಾಗಿ ಒಳಗೆ ಬೀಳುತ್ತದೆ. ಹಾಗಾಗಿ ಗವಿಯಾದರೂ ಕತ್ತಲಿಲ್ಲ. ಹೊರಗೆ ಬಂಡೆ ಕಾದ ಹೆಂಚಾಗಿರುವ ಹೊತ್ತಿನಲ್ಲೂ ಒಳಗೆ ನೆಳಲು, ಗಾಳಿ.

ಇದನ್ನು ಮನುಷ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ, ಈಗ ಮಸುಕಾದ ಚಿತ್ರಗಳಿವೆ. ಕಣ್ಣು ಹೊಂದಿಕೊಳ್ಳುವವರೆಗೆ ಬರೀ ಕಲೆಗಳಂತೆ ಕಂಡು, ಆಮೇಲೆ ಒಂದೊಂದಾಗಿ ಪ್ರಾಣಿಗಳ ಬೆನ್ನು, ಕಾಲು, ಮನುಷ್ಯರ ಆಕಾರ ಮೂಡುತ್ತವೆ. ಬಂಡೆಯನ್ನು ಕೆಂಪಾಗಿಸಿದ ಕಬ್ಬಿಣವೇ ಬಣ್ಣವೂ ಆಗಿದ್ದರಿಂದ ಚಿತ್ರ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಬಾದಾಮಿಯ ಸುತ್ತಲಿನ ಬೇರೆ ಗುಡ್ಡಗಳಲ್ಲೂ ಇಂಥ ಚಿತ್ರಗಳಿವೆ. ಹತ್ತಿರದ ಮಲಪ್ರಭೆಯ ದಂಡೆಯ ಖ್ಯಾಡದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಆ ಕಣಿವೆಯ ಬಗ್ಗೆ ಆರ್. ವಿ. ಜೋಶಿಯವರ ಅಧ್ಯಯನ 1955ರಲ್ಲೇ ಪ್ರಕಟವಾಯಿತು. ಚಾಲುಕ್ಯರ ಮಂಗಳೇಶ ಬಾದಾಮಿಯ ಮೂರನೆಯ ಗುಹೆಯ ಶಾಸನ ಬರೆಸಿದ್ದು ಕ್ರಿ.ಶ. 578ರಲ್ಲಿ. ಚಾಲುಕ್ಯರು ಈ ಗುಡ್ಡಕ್ಕೆ ಬಂದಾಗ ಇಲ್ಲಿ ಆಗಲೇ ಹಳಬರ ಗುರುತಿತ್ತು.

ಈ ಕಮಾನು ಹೇಗಾಯಿತು? ಸಿಡಿಲು ಬಡಿದು ಬಂಡೆ ತೂತಾಯಿತು ಎಂದು ಊರವರು ಹೇಳುತ್ತಾರೆ, ಹೆಸರೂ ಅದನ್ನೇ ಹೇಳುತ್ತದೆ. ಸಿಡಿಲು ಕಲ್ಲನ್ನು ಸೀಳಬಲ್ಲದು ನಿಜ. ಇಷ್ಟು ದೊಡ್ಡ ಪೊಳ್ಳು ಮಾಡಲು ಮಾತ್ರ ಅದಕ್ಕಿಂತ ತಾಳ್ಮೆಯ ಕೈ ಬೇಕು. ಬಾದಾಮಿಯ ಮರಳುಗಲ್ಲು ರೊಟ್ಟಿ ಒಟ್ಟಿದಂತೆ ಪದರ ಪದರವಾಗಿದೆ. ಮೇಲಿಂದ ಕೆಳಕ್ಕೆ ನೇರ ಸೀಳುಗಳೂ ಇವೆ. ಸೀಳಿನಲ್ಲಿ ಇಳಿದ ಮಳೆನೀರು ಕಣಕ್ಕೂ ಕಣಕ್ಕೂ ನಡುವಿನ ಅಂಟನ್ನು ಕರಗಿಸುತ್ತದೆ. ಮೆದು ಪದರ ಮೊದಲು ಪುಡಿಯಾಗಿ ಉದುರುತ್ತದೆ, ಅದರ ಮೇಲಿನ ಗಟ್ಟಿ ಪದರ ಆಧಾರವಿಲ್ಲದೆ ಹೋಳು ಹೋಳಾಗಿ ಕಳಚುತ್ತದೆ. ಬೀಳುವುದೆಲ್ಲ ಬಿದ್ದ ಮೇಲೆ ನಿಲ್ಲುವ ಆಕಾರವೇ ಕಮಾನು.

ಅದೇಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ 2014ರಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಯಿರ್ಜಿ ಬ್ರುಥಾನ್ಸ್ ಮತ್ತು ಸಂಗಡಿಗರು ಚಂದದ ಉತ್ತರ ಕೊಟ್ಟರು. ಮರಳುಗಲ್ಲಿನ ಚೌಕ ತುಂಡಿನ ಮೇಲೆ ಭಾರ ಹೇರಿ ನೀರಿನಿಂದ ಕೊರೆಸಿದರು. ಭಾರ ಹೊತ್ತ ಕಣಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡು ನಿಂತವು. ಭಾರ ಬೀಳದ ಕಣಗಳು ತೊಳೆದು ಹೋದವು. ಕೊನೆಗೆ ಉಳಿದದ್ದು ಭಾರ ಹೊರುವ ಭಾಗ ಮಾತ್ರ, ಕಂಬ ಮತ್ತು ಕಮಾನಿನ ಆಕಾರದಲ್ಲಿ. ಅಂದರೆ ಮಾಡಿನ ತೂಕವೇ ಮಾಡನ್ನು ಕಾಯುತ್ತದೆ. ಪಡಿಯ ಕೆಳಗೆ ನಿಂತು ತಲೆ ಎತ್ತುವಾಗ ಈ ಮಾತು ನೆನಪಿದ್ದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹೋಗಲೂ ಬಾರದು. ಅಮೆರಿಕದ ಯೂಟಾ ರಾಜ್ಯದ ಕೆಂಪು ಮರಳುಗಾಡಿನಲ್ಲಿ ‘ಆರ್ಚಸ್’ ಹೆಸರಿನ ರಾಷ್ಟ್ರೀಯ ಉದ್ಯಾನವಿದೆ, ಎರಡು ಸಾವಿರಕ್ಕೂ ಹೆಚ್ಚು ಕಲ್ಲು ಕಮಾನುಗಳಿರುವ ಜಾಗ. 1991ರಲ್ಲಿ ಅಲ್ಲಿನ ಅತಿ ಉದ್ದದ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ ದೊಡ್ಡ ಚಪ್ಪಡಿ ಕಳಚಿ ಬಿತ್ತು. ಅಂದಿನಿಂದ ಅದರ ಕೆಳಗೆ ಯಾರನ್ನೂ ಬಿಡುವುದಿಲ್ಲ. 2008ರ ಆಗಸ್ಟಿನಲ್ಲಿ ವಾಲ್ ಆರ್ಚ್ ರಾತ್ರೋರಾತ್ರಿ ಕುಸಿಯಿತು. ಮಾಲ್ಟಾ ದೇಶದ ಹೆಸರಾಂತ ‘ಅಜೂರ್ ವಿಂಡೋ’ 2017ರ ಮಾರ್ಚಿನ ಬಿರುಗಾಳಿಗೆ ಸಮುದ್ರದ ಪಾಲಾಯಿತು. ಕಮಾನು ಎನ್ನುವುದು ಬಂಡೆಯ ಬದುಕಿನ ನಡುಘಟ್ಟ.

ನಮ್ಮವರಿಗೆ ಹೆಚ್ಚು ಗೊತ್ತಿರುವ ಕಲ್ಲು ಕಮಾನು ತಿರುಮಲದ ಶಿಲಾತೋರಣ. ವೆಂಕಟರಮಣನ ದರ್ಶನಕ್ಕೆ ಹೋದವರು ಅದನ್ನೂ ನೋಡಿ ಬರುತ್ತಾರೆ. ಸುಮಾರು 8 ಮೀಟರ್ ಅಗಲ, 3 ಮೀಟರ್ ಎತ್ತರದ ಅದಕ್ಕೆ ಬೇಲಿಯಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಮಾನ್ಯತೆಯಿದೆ. ಕರಿಕಲ್ಲಿನಲ್ಲಿ ಇಂಥದ್ದು ಅಪರೂಪವಾದರೂ ಪುಣೆ ಜಿಲ್ಲೆಯ ಗುಳುಂಚವಾಡಿಯಲ್ಲಿ ಹಳ್ಳದ ಮೇಲೊಂದು ನೈಸರ್ಗಿಕ ಕಲ್ಲುಸೇತುವೆ ಇದೆ. ಕರ್ನಾಟಕದಲ್ಲಿ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆ ಪಡೆದವುಗಳ ಪಟ್ಟಿಯಲ್ಲಿ ಲಾಲ್‌ಬಾಗ್ ಬಂಡೆ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ ಬಂಡೆಗಳ ಹೆಸರು ಸಿಗುತ್ತದೆ. ಕಮಾನೂ ಇದ್ದು, ಅದರ ಕೆಳಗೆ ಆದಿಮಾನವರ ಚಿತ್ರವೂ ಇರುವ ಸಿಡಿಲಪಡಿ ಆ ಸಾಲಿಗೆ ಸೇರಬೇಕು ಎನ್ನಲು ಭೂವಿಜ್ಞಾನಿಯೇ ಆಗಬೇಕಿಲ್ಲ.

ರಸ್ತೆ ಮಾತ್ರ ಬೇಡ. ಅಭಿವೃದ್ಧಿ ಎಂದೊಡನೆ ನಮ್ಮಲ್ಲಿ ಮೊದಲು ಬರುವುದು ಟಾರು, ಆಮೇಲೆ ಚಹಾದಂಗಡಿ, ಅದರ ಹಿಂದೆಯೇ ಬಂಡೆಯ ಮೇಲೆ ಬಾಣ ಚುಚ್ಚಿದ ಹೃದಯ ಮತ್ತು ಎರಡು ಹೆಸರು. ನಾಲ್ಕು ಕಿಲೋಮೀಟರು ನಡೆಯಬೇಕಾಗಿರುವುದೇ ಈ ಚಿತ್ರಗಳಿಗೆ ಇಂದಿನವರೆಗೂ ಸಿಕ್ಕ ದೊಡ್ಡ ಕಾವಲು. ಕವಲು ಒಡೆಯುವ ಕಡೆ ಒಂದೊಂದು ಬಾಣದ ಗುರುತು, ಪಡಿಯ ಬಳಿ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ, ದಾರಿ ಬಲ್ಲ ಊರ ಹುಡುಗರಿಗೆ ಮಾರ್ಗದರ್ಶಿಯ ಗುರುತಿನ ಚೀಟಿ: ಇಷ್ಟು ಸಾಕು. ಇದಕ್ಕೆ ತಗಲುವ ಖರ್ಚು ದೊಡ್ಡದಲ್ಲ.

ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್–ಮೇ ತಿಂಗಳಲ್ಲಿ ಹೋಗುವ ಸಾಹಸ ಬೇಡ. ಮಂಗಸೂಳಿ ಕಡೆಯವರು ಹಿಂದಿನ ಸಂಜೆಯೇ ಬಾದಾಮಿ ಸೇರಿ ಉಳಿದರೆ ಅನುಕೂಲ. ರೈಲಿನಲ್ಲಿ ಬರುವುದಾದರೆ ಗದಗ–ವಿಜಯಪುರ ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದೆ, ಊರು ಅಲ್ಲಿಂದ ನಾಲ್ಕೈದು ಕಿಲೋಮೀಟರು. ಬೆಳಕು ಹರಿಯುತ್ತಿದ್ದಂತೆ ನಡೆಯಲು ಶುರು ಮಾಡಿ. ಗುಡ್ಡದ ಮೇಲೆ ಅಂಗಡಿಯಿಲ್ಲ, ತಲೆಗೆ ಎರಡು ಲೀಟರ್ ನೀರು ಇರಲಿ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಸುತ್ತಾಟ ತಪ್ಪುತ್ತದೆ. ಪಡಿಯೊಳಗೆ ಒಲೆ ಹೂಡಬೇಡಿ. ಹೊಗೆಯ ಮಸಿ ಚಿತ್ರಗಳನ್ನು ಮುಚ್ಚುತ್ತದೆ, ಬಂಡೆಯ ಹೆಜ್ಜೇನು ಏಳುತ್ತದೆ. ಚಿತ್ರ ಚೆನ್ನಾಗಿ ಕಾಣಲೆಂದು ನೀರು ಚಿಮುಕಿಸುವ ಕೆಟ್ಟ ಚಾಳಿಯಿದೆ, ಅದನ್ನು ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಗುಡ್ಡ ಇಳಿದ ಮೇಲೆ ಹಸಿವಿಗೆ ಹತ್ತಿರದ ಬನಶಂಕರಿ ಗುಡಿಗೆ ಹೋಗಿ. ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುತ್ತದೆ.