ಮುಳ್ಳುತಂತಿ ಬೇಲಿ: ರಿಪೇರಿ ಮೂಲೆಗಂಬದಿಂದ ಶುರುವಾಗಲಿ

“ಭಾವಾ, ನಿಮ್ಮ ಗೌರಿ, ಕಡಸು ಎರಡೂ ನನ್ನ ತೋಟದಲ್ಲಿ ಉಂಟು. ಬಂದು ಅಟ್ಟಿಕೊಂಡು ಹೋಗಿ.”

2021ರ ಜೂನ್ ಮೊದಲ ವಾರ, ಬೆಳಗ್ಗಿನ ಕಾಫಿ ಹೊತ್ತಿಗೆ ನೆರೆಯವರ ಫೋನು. ಹೋಗಿ ನೋಡಿದರೆ ಹಿಂದಿನ ವರ್ಷ ಅವರು ನೆಟ್ಟ ಅಡಿಕೆ ಸಸಿಗಳಲ್ಲಿ 17 ಬೋಳು. ಅಡಿಕೆಗೆ ಇರುವುದು ಒಂದೇ ಸುಳಿ, ಅದು ಹೋದರೆ ಗಿಡವೇ ಹೋದ ಹಾಗೆ. ಇತ್ತ ಗೌರಿಯ ಕೆಚ್ಚಲಿನ ಒಂದು ತೊಟ್ಟು ತಂತಿಯ ಮುಳ್ಳಿಗೆ ಸಿಕ್ಕಿ ಸೀಳಿತ್ತು. ನೆರೆಯವರು ಜೋರು ಮಾಡಲಿಲ್ಲ. ಮಾತೇ ಆಡಲಿಲ್ಲ, ಅದು ಇನ್ನೂ ಕಷ್ಟ. ನಮ್ಮ ತವಾರಣೆಯಿಂದ 17 ಸಸಿ ತೆಗೆದುಕೊಟ್ಟೆ. ಪಶುವೈದ್ಯರು ತೊಟ್ಟಿಗೆ ಹೊಲಿಗೆ ಹಾಕಿದರು. ಆ ಸೂಲಿನಲ್ಲಿ ಅದರಿಂದ ಹಾಲು ಸರಿಯಾಗಿ ಇಳಿಯಲೇ ಇಲ್ಲ.

ಬೇಲಿ ಇರಲಿಲ್ಲ ಅಂತಲ್ಲ. ಹಟ್ಟಿಯ ಹಿಂದಿನ ಒಂದೂವರೆ ಎಕ್ರೆ ಗುಡ್ಡೆಗೆ 2009ರಲ್ಲೇ ಮೂರೆಳೆ ಮುಳ್ಳುತಂತಿ ಎಳೆಸಿದ್ದೆ. ಆಗ ಅಲ್ಲಿ ಗೇರು ಸಸಿ ಇತ್ತು, ಊರಿನ ಬೀಡಾಡಿ ದನ ಒಳಗೆ ಬಾರದಂತೆ ಬೇಲಿ. ಹಾಗಾಗಿ ತಂತಿಯನ್ನು ಕಂಬದ ಹೊರಮೈಗೆ ಕಟ್ಟಿಸಿದ್ದೆವು. ಹೊರಗಿನ ದನ ದೂಡಿದರೆ ತಂತಿ ಕಂಬಕ್ಕೇ ಒತ್ತುತ್ತಿತ್ತು, ಏನೂ ಆಗುತ್ತಿರಲಿಲ್ಲ. ಗೇರು ದೊಡ್ಡದಾದ ಮೇಲೆ ಅದೇ ಜಾಗದಲ್ಲಿ ನಮ್ಮ ದನ ಮೇಯಲು ಬಿಟ್ಟೆ. ಈಗ ದೂಡುವುದು ಒಳಗಿನಿಂದ, ಭಾರವೆಲ್ಲ ಬೀಳುವುದು ಕಟ್ಟಿನ ಮೇಲೆ. ಕಟ್ಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು, ನಾನು ಮತ್ತೆ ಮತ್ತೆ ಬಿಗಿಯುತ್ತಿದ್ದೆ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ವರ್ಷಗಳೇ ಬೇಕಾದವು! ದನ ಯಾವ ಬದಿಯಲ್ಲಿದೆಯೋ ತಂತಿ ಕಂಬದ ಆ ಬದಿಗೇ ಬರಬೇಕು.

ಇನ್ನೊಂದು ತಪ್ಪು, ತುಂಡಾದಲ್ಲಿ ಮಾತ್ರ ಗಂಟು ಹಾಕುತ್ತಾ ಹೋದದ್ದು. ತಂತಿ ಜೋಲುವುದಕ್ಕೆ ಮೂಲ ಹೆಚ್ಚಾಗಿ ಮೂಲೆಗಂಬದಲ್ಲಿರುತ್ತದೆ. ನಮ್ಮ ಕೆಂಪು ಮಣ್ಣು ಆಟಿ ಮಳೆಗೆ ಮೆತ್ತಗಾದರೆ ಎರಡೂ ಕಡೆಯ ಎಳೆತಕ್ಕೆ ಕಂಬ ಒಳಕ್ಕೆ ವಾಲುತ್ತದೆ. ಅಲ್ಲಿಗೆ ಇಡೀ ಸಾಲು ಸಡಿಲ. ಈಗ ನಾಲ್ಕೂ ಮೂಲೆಗೆ ಕಗ್ಗಲ್ಲಿನ ದಪ್ಪ ಕಂಬ, ಎರಡೂವರೆ ಅಡಿ ಆಳಕ್ಕೆ. ಬೇಲಿ ಸಾಲು ಹೋಗುವ ಎರಡೂ ದಿಕ್ಕಿಗೆ ಒಂದೊಂದು ಓರೆ ಒತ್ತುಗಂಬ, ಅದರ ಬುಡಕ್ಕೆ ಚಪ್ಪಟೆ ಕಲ್ಲು. ಗುಂಡಿಗೆ ಮಣ್ಣು ಒಮ್ಮೆಲೇ ಸುರಿಯಬಾರದು. ಅರ್ಧ ಅಡಿ ಹಾಕಿ, ಜಲ್ಲಿ ಸೇರಿಸಿ, ಹಾರೆಯ ಹಿಂಬದಿಯಿಂದ ಗುದ್ದಿ, ಮತ್ತೆ ಅರ್ಧ ಅಡಿ.

ನಡುವಿನ ಕಂಬ ಮೊದಲು 12 ಅಡಿಗೊಂದು ಇತ್ತು, ಅದನ್ನು 8 ಅಡಿಗೆ ತಂದೆ. ಎಲ್ಲಕ್ಕೂ ಕಲ್ಲು ತರಿಸಲು ಕಿಸೆ ಬಿಡಲಿಲ್ಲ. ಎಡೆಯಲ್ಲಿ ಗ್ಲಿರಿಸೀಡಿಯ ಗೂಟ ನೆಟ್ಟೆ. ಚಿಗುರುತ್ತದೆ, ಸೊಪ್ಪೂ ಸಿಗುತ್ತದೆ. ಆದರೆ ಜೀವಂತ ಮರಕ್ಕೆ ಯು-ಮೊಳೆ ಹೊಡೆಯಬೇಡಿ. ಮರ ದಪ್ಪವಾಗುತ್ತಾ ತಂತಿಯನ್ನೇ ನುಂಗುತ್ತದೆ, ಮುಂದೆ ಬಿಡಿಸಲಿಕ್ಕಾಗುವುದಿಲ್ಲ. ಮಧ್ಯೆ ಒಂದು ಮರದ ತುಂಡು ಇಟ್ಟು ಸಡಿಲವಾಗಿ ಕಟ್ಟಿ, ವರ್ಷಕ್ಕೊಮ್ಮೆ ಕಟ್ಟು ಬದಲಿಸಿ.

ಎಳೆ ಮೂರರಿಂದ ನಾಲ್ಕಾಯಿತು, ನೆಲದಿಂದ ಅಡಿಗೊಂದರಂತೆ. ಆದರೂ ದನ ಆಚೆಯ ಹುಲ್ಲಿನ ಆಸೆಗೆ ಎರಡೆಳೆಯ ಮಧ್ಯೆ ಕುತ್ತಿಗೆ ತೂರಿಸಿ ಅಗಲ ಮಾಡುತ್ತದೆ. ಅದಕ್ಕೆ ಎರಡು ಕಂಬಗಳ ನಡುವೆ ಅಡಿಕೆ ಸಲಾಕೆ ನೆಟ್ಟಗೆ ನಿಲ್ಲಿಸಿ ನಾಲ್ಕೂ ಎಳೆಗೆ ಕಟ್ಟಿದ್ದೇನೆ. ನೆಲದಲ್ಲಿ ಹೂಳುವುದಿಲ್ಲ, ಹೂಳಿದರೆ ಗೆದ್ದಲಿಗೆ ಆಹಾರ.

ತುಂಡಾದ ತಂತಿ ಜೋಡಿಸುವ ಮೊದಲು ತುಕ್ಕು ಹಿಡಿದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಒಂದು ತುದಿಯನ್ನು ಅರ್ಧ ಅಡಿ ಹಿಂದಕ್ಕೆ ಬಗ್ಗಿಸಿ ಕುಣಿಕೆ ಮಾಡಿ, ಅದರ ಮೈಗೇ ಐದಾರು ಸುತ್ತು ಸುತ್ತಬೇಕು. ಹೊಸ ತುಂಡನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು, ಅದಕ್ಕೂ ಹಾಗೆಯೇ ಸುತ್ತು. ಬರೇ ಹುರಿ ಹಾಕಿದಂತೆ ತಿರುಚಿದ ಗಂಟು ದನದ ಎದೆ ತಾಗಿದರೆ ಜಾರುತ್ತದೆ. ನನ್ನದು ಹಾಗೆಯೇ ಜಾರಿದ್ದು. ಕಂಬಕ್ಕೆ ಕಟ್ಟಲು ಜಿ.ಐ. ತಂತಿಯೇ ಆಗಬೇಕು. ಕಾಂಕ್ರೀಟಿಗೆ ಬಳಸುವ ಕಪ್ಪು ಬೈಂಡಿಂಗ್ ವಯರು ನಮ್ಮ ಒಂದು ಮಳೆಗಾಲಕ್ಕೆ ಮುಗಿಯಿತು.

ಬಿಗಿಯಲು ಹಾರೆಗೆ ತಂತಿ ಸುತ್ತಿ, ಕಂಬಕ್ಕೆ ಒತ್ತುಕೊಟ್ಟು ಮೀಟಿದರೆ ಸಾಕು. ಹಳೆ ತಂತಿಯನ್ನು ಹೊಸದರಷ್ಟು ಬಿಗಿಯಲು ಹೋಗಬಾರದು. ಒಮ್ಮೆ ಜೀಪಿಗೆ ಕಟ್ಟಿ ಎಳೆಸಿದೆ. ತುಂಡಾಗಿ ಹಾವಿನ ಹಾಗೆ ಹಿಂದೆ ಹಾರಿ ಬಂತು. ಆಳಿನ ಅಂಗಿ ಮಾತ್ರ ಹರಿಯಿತು, ಕಣ್ಣಿಗೆ ಬಡಿದಿದ್ದರೆ? ಚರ್ಮದ ಕೈಚೀಲ, ತುಂಬುತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಈಗ ಯಾರನ್ನೂ ಇಳಿಸುವುದಿಲ್ಲ.

ತಂತಿ ಕೊಳ್ಳುವಾಗ ಗೇಜು ಕೇಳಿ. 12 ಗೇಜು ಸುಮಾರು 2.6 ಮಿಲಿಮೀಟರ್ ದಪ್ಪ, 14 ಗೇಜು ಸುಮಾರು 2. ಸಂಖ್ಯೆ ಹೆಚ್ಚಾದಷ್ಟು ತಂತಿ ಸಪೂರ. ಅಂಗಡಿಯಲ್ಲಿ ಅಗ್ಗ ಅಂತ ತೋರಿಸುವುದು ಸಾಮಾನ್ಯವಾಗಿ ಸಪೂರದ್ದೇ, ಸತುವಿನ ಲೇಪವೂ ತೆಳು. (ಈ ತಂತಿಗೆ ಅಮೆರಿಕದ ಜೋಸೆಫ್ ಗ್ಲಿಡನ್ ಎಂಬ ರೈತ 1874ರಲ್ಲಿ ಪೇಟೆಂಟ್ ಪಡೆದದ್ದಂತೆ. ಮುಳ್ಳು ತಿರುಚಲು ಮೊದಲು ಬಳಸಿದ್ದು ಮನೆಯ ಕಾಫಿ ಬೀಸುವ ಯಂತ್ರವನ್ನು!)

ಸೌರಬೇಲಿ ಮಾಡಬಹುದಲ್ಲಾ ಅಂತ ಕೇಳುವವರಿದ್ದಾರೆ. ಮಾಡಬಹುದು. ಆದರೆ ಮಳೆಗಾಲದಲ್ಲಿ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಕರೆಂಟು ನೆಲಕ್ಕಿಳಿಯುತ್ತದೆ. ಅಡಿಯ ಹುಲ್ಲು ಕತ್ತರಿಸುತ್ತಲೇ ಇರಬೇಕು, ಅದಕ್ಕೆ ನನ್ನಲ್ಲಿ ಆಳಿಲ್ಲ.

ಗುಡ್ಡೆಯೊಳಗೆ ಒಂದು ನೀರಿನ ತೊಟ್ಟಿಯನ್ನೂ ಇಟ್ಟೆ. ಹುಲ್ಲು ತೀರಿದ ದಿನ ದನ ಬಿಡುವುದಿಲ್ಲ, ಹಟ್ಟಿಯಲ್ಲೇ ಹಾಕುತ್ತೇನೆ. ನಿಜ ಹೇಳಬೇಕಾದರೆ ಬೇಲಿಯ ಅರ್ಧ ತೊಂದರೆ ಕಡಿಮೆಯಾದದ್ದು ಇದರಿಂದ.

ಈಗ ಮೇ ಕೊನೆಗೊಮ್ಮೆ, ಮೊದಲ ಗಾಳಿಮಳೆಗೆ ಗೆಲ್ಲು ಬಿದ್ದ ಮೇಲೊಮ್ಮೆ ಇಕ್ಕುಳ ಹಿಡಿದು ಸುತ್ತು ಬರುತ್ತೇನೆ. ಕಳೆದ ಸಲ ನೆರೆಯವರೂ ತಮ್ಮ ಬದಿಯಿಂದ ಜೊತೆಗೆ ನಡೆದರು, ಎರಡು ಕಟ್ಟು ಅವರೇ ಬಿಗಿದರು. ಉಣುಗೋಲಿನ ಕೆಳಗಿನ ಗಳ ಕುಂಬಾಗಿದೆ ಅಂತ ತೋರಿಸಿದ್ದೂ ಅವರೇ. ಗೌರಿಗೆ ಗೊತ್ತಾಗುವ ಮೊದಲು ಅದನ್ನು ಬದಲಿಸಬೇಕು.